ಹಾಲು ಕರೆಯುವ ಕೈ

ನನ್ನ ಕೆಲಸವೇ ಕೈ ಹಿಡಿದು ನೋಡುವುದು. ಜ್ಯೋತಿಷ್ಯ ಅಂದುಕೊಳ್ಳಬೇಡಿ, ಫಿಸಿಯೋಥೆರಪಿ. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಿಂದ ಎರಡು ತಿರುವು ದಾಟಿದರೆ ನನ್ನ ಕೋಣೆ. ವಾರದಲ್ಲಿ ಮೂರು ದಿನ ಅಲ್ಲಿರುತ್ತೇನೆ. ಉಳಿದ ಮೂರು ದಿನ ಪಾಂಡವಪುರಕ್ಕೊಂದು, ನಾಗಮಂಗಲಕ್ಕೊಂದು, ಶ್ರೀರಂಗಪಟ್ಟಣಕ್ಕೊಂದು. ಮುರಿದು ಕೂಡಿದ ಮಣಿಕಟ್ಟು, ಸೆಟೆದುಕೊಂಡ ಬೆರಳು, ಲಕ್ವ ಹೊಡೆದು ಸೋತ ಅಂಗೈ, ಇಂಥವೇ ನನ್ನ ಬಳಿಗೆ ಬರುವುದು. ಬೆನ್ನು, ಮಂಡಿ ಹಿಡಿದುಕೊಂಡು ಬಂದವರನ್ನೂ ನೋಡುತ್ತೇನೆ. ಆದರೆ ಕೈ ಸಿಕ್ಕಿದ ದಿನ ನನಗೆ ಊಟ ರುಚಿಸುತ್ತದೆ.

ಕಾಲೇಜಿನಲ್ಲಿ ನಮಗೊಬ್ಬ ಮೇಡಂ ಇದ್ದರು. ಕಾಯಿಲೆಯ ಕೈ ಅರ್ಥವಾಗಬೇಕಾದರೆ ಮೊದಲು ಚೆನ್ನಾಗಿರುವ ಕೈಗಳನ್ನು ನೋಡಿ, ನಿಮ್ಮ ಊರಿನವರ ಕೈಗಳನ್ನೇ ನೋಡಿ ಎನ್ನುತ್ತಿದ್ದರು. ಮಿಕ್ಕವರು ಕೇಳಿ ಮರೆತರು. ನಾನು ಆ ಮಾತನ್ನು ಸ್ವಲ್ಪ ಅತಿಯಾಗಿಯೇ ಹಿಡಿದುಕೊಂಡೆ. ರೋಗಿಯ ಜೊತೆ ಬಂದವರು, ಬಸ್ಸಿನಲ್ಲಿ ಪಕ್ಕ ಕೂತವರು, ಮದುವೆ ಮನೆಯಲ್ಲಿ ಎಲೆ ತೊಳೆಯುತ್ತಿದ್ದವರು, ಯಾರನ್ನೂ ಬಿಡಲಿಲ್ಲ. ಎಲ್ಲರ ಕೈಯ ಲೆಕ್ಕವೂ ನನ್ನ ಒಂದು ದಪ್ಪ ನೋಟ್ ಪುಸ್ತಕದಲ್ಲಿದೆ. ನನ್ನ ಗಂಡ ಅದಕ್ಕೆ ಕೈಪುರಾಣ ಅಂತ ಹೆಸರಿಟ್ಟಿದ್ದಾರೆ.

ನನ್ನ ಚೀಲದಲ್ಲಿ ಎರಡು ಸಾಮಾನು ಇರುತ್ತವೆ. ಒಂದು, ಹಿಡಿಯನ್ನು ಅದುಮಿದರೆ ಎಷ್ಟು ಬಲ ಬಿತ್ತೆಂದು ಮುಳ್ಳು ತಿರುಗಿ ತೋರಿಸುವ ಮೀಟರು. ಇನ್ನೊಂದು, ಸಾಲುಸಾಲಾಗಿ ತೂತಿರುವ ಪುಟ್ಟ ಹಲಗೆ. ಬೆಂಕಿಕಡ್ಡಿಯಷ್ಟು ಸಣ್ಣ ಗೂಟಗಳನ್ನು ಒಂದೊಂದಾಗಿ ಆ ತೂತಿಗೆ ಸಿಕ್ಕಿಸಬೇಕು, ನಾನು ಗಡಿಯಾರ ನೋಡುತ್ತಿರುತ್ತೇನೆ. ಮೊದಲನೆಯದು ಹಿಡಿತಕ್ಕೆ, ಎರಡನೆಯದು ಬೆರಳಿನ ಚುರುಕಿಗೆ. ಜನ ಇವನ್ನು ಹಿಸುಕೋ ಮಿಷಿನ್ನು, ಚುಚ್ಚೋ ಹಲಗೆ ಅನ್ನುತ್ತಾರೆ.

ಈ ಎರಡು ಸಾಮಾನು ಹಿಡಿದು ನಾಲ್ಕು ತಾಲ್ಲೂಕು ಸುತ್ತಿದ ನನಗೆ ಇವತ್ತಿಗೂ ಬೆರಗು ಕಳೆದಿಲ್ಲ. ಪಾಲಹಳ್ಳಿ ಕಡೆಯ ಆಲೆಮನೆಯಲ್ಲಿ ಬೆಲ್ಲ ತೆಗೆಯುವವರೊಬ್ಬರು ಮೀಟರನ್ನು ಒಂದು ಸಲ ಅದುಮಿದರು ನೋಡಿ, ಮುಳ್ಳು ಕೊನೆಗೇ ಹೋಗಿ ನಿಂತಿತು. ಅದೇ ಮಹಾನುಭಾವರು ಸಣ್ಣ ಗೂಟ ಎತ್ತಲಾರದೆ ಹಲಗೆ ಮುಂದೆ ಬೆವತರು. ಮೂರನೆಯ ಗೂಟಕ್ಕೆ ಕೈಮುಗಿದು ಎದ್ದುಬಿಟ್ಟರು. ಶ್ರೀರಂಗಪಟ್ಟಣದಲ್ಲಿ ಹೂ ಕಟ್ಟುವ ಹೆಂಗಸು ಇದಕ್ಕೆ ತದ್ವಿರುದ್ಧ. ಅರವತ್ತರ ಆಸುಪಾಸು. ಮೀಟರು ಅವರ ಕೈಗೆ ಅಲುಗಿತೋ ಇಲ್ಲವೋ ಅನ್ನುವಷ್ಟು. ಹಲಗೆ ಕೊಟ್ಟರೆ ಗಿರಾಕಿಯ ಜೊತೆ ಮಾತಾಡುತ್ತ, ತಲೆ ಬಗ್ಗಿಸಿ ನೋಡದೆ, ಗೂಟಗಳನ್ನೆಲ್ಲ ಸಿಕ್ಕಿಸಿ ಮುಗಿಸಿದರು. ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ. ಅವರು ಮೊಳ ಅಳೆಯುವುದರಲ್ಲಿ ಮುಳುಗಿದ್ದರು.

ಗಂಡಸರ ಹಿಡಿತ ಹೆಚ್ಚು, ಹೆಂಗಸರ ಬೆರಳು ಚುರುಕು ಅಂತ ನಾವು ಓದಿದ್ದು ಸುಳ್ಳಲ್ಲ. ಆದರೆ ಪುಸ್ತಕದಲ್ಲಿ ಇಲ್ಲದ್ದೂ ಇದೆ. ಪಾಂಡವಪುರದಲ್ಲಿ ಒಬ್ಬಾಕೆ ಗಂಡನ ಎದುರು ಮೀಟರನ್ನು ಹೂವು ಹಿಡಿದ ಹಾಗೆ ಹಿಡಿದರು. ಇಷ್ಟು ಸಾಕಾ ಎಂದು ನನ್ನನ್ನೇ ಕೇಳಿದರು. ಗಂಡನನ್ನು ಟೀ ತರಲು ಕಳಿಸಿ ಇನ್ನೊಮ್ಮೆ ಅದುಮಿ ಅಂದೆ. ಮುಳ್ಳು ಮೊದಲಿಗಿಂತ ಎಷ್ಟು ಮೇಲೆ ಹೋಯಿತೆಂದರೆ ಆಕೆಗೇ ನಾಚಿಕೆಯಾಗಿ, ಅವರಿಗೆ ಹೇಳಬೇಡಿ ಅಂದರು. ವಯಸ್ಸಿನದೂ ಅಷ್ಟೇ. ವಯಸ್ಸಾದಂತೆ ಹಿಡಿತ ಇಳಿಯುತ್ತದೆ, ಬೆರಳು ನಿಧಾನವಾಗುತ್ತದೆ, ನಿಜ. ಆದರೆ ಹುಡುಗರು ಅವಸರದಲ್ಲಿ ಗೂಟ ಬೀಳಿಸುತ್ತಾರೆ, ಮುದುಕರು ಬೀಳಿಸುವುದು ಕಡಿಮೆ. ಇಷ್ಟೆಲ್ಲ ಹೆಜ್ಜೆಗೊಂದು ಬೆರಗು ಕಂಡ ನನಗೆ ನನ್ನ ತಲೆಯ ಬಗ್ಗೆಯೂ ಸ್ವಲ್ಪ ಜಂಬ ಬಂದಿತ್ತು. ಕೈ ನೋಡಿದರೆ ಸಾಕು, ಮಿಕ್ಕದ್ದು ನಾನೇ ಹೇಳಬಲ್ಲೆ ಅಂದುಕೊಂಡಿದ್ದೆ.

ಅಳೆಯುವ ಮುಂಚೆ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ನಿಮ್ಮದು ಬಲಗೈಯೋ ಎಡಗೈಯೋ? ಬಲಗೈಯವರ ಬಲಗೈ ಸಾಮಾನ್ಯವಾಗಿ ಎಡಗೈಗಿಂತ ಒಂದಿಷ್ಟು ಗಟ್ಟಿ. ಎಡಗೈಯವರಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮ, ಇಲ್ಲವೆ ಎಡಗೈ ಮೇಲು. ಇದು ಗೊತ್ತಿಲ್ಲದೆ ಅಳತೆಗೆ ಅರ್ಥವಿಲ್ಲ. ನಮ್ಮ ಕಡೆ ಈ ಪ್ರಶ್ನೆಯನ್ನು ಹೀಗೆ ನೇರವಾಗಿ ಕೇಳಿದರೆ ಜನ ಕಣ್ಣುಕಣ್ಣು ಬಿಡುತ್ತಾರೆ. ಹಾಗಾಗಿ ನಾನು ಸುಲಭ ಮಾಡಿಕೊಂಡು, ಯಾವ ಕೈಲಿ ಉಣ್ತೀರಾ ಎಂದು ಕೇಳುತ್ತಿದ್ದೆ. ಎಲ್ಲರೂ ಬಲಗೈ ಅನ್ನುತ್ತಿದ್ದರು. ನಾಗಮಂಗಲದಲ್ಲಿ ಒಬ್ಬ ಟೈಲರ್, ಇನ್ನೂ ಮೂವತ್ತಾಗದವನು, ನಕ್ಕು ಎಡಗೈ ಎತ್ತಿದ್ದ. ಅವನಂಥ ಕೆಲವು ಚಿಕ್ಕ ವಯಸ್ಸಿನವರನ್ನು ಬಿಟ್ಟರೆ ನನ್ನ ಪುಸ್ತಕದಲ್ಲಿ ಎಡಗೈಯವರೇ ಇರಲಿಲ್ಲ. ಅರವತ್ತು ದಾಟಿದ ಹೆಂಗಸರಲ್ಲಂತೂ ಒಬ್ಬರೂ ಇಲ್ಲ. ನಮ್ಮ ಕಡೆಯೇ ಹೀಗೇನೋ ಅಂದುಕೊಂಡು ಪುಟ ತಿರುಗಿಸಿದ್ದೆ. ತಲೆ ಚಚ್ಚಿಕೊಳ್ಳಬೇಕಾದ ಜಾಗ ಅದೇ. ಅನ್ನ ಉಣ್ಣುವ ಕೈ ಯಾವುದೆಂದು ಕೇಳಿದರೆ ನಮ್ಮ ಹೆಂಗಸರು ಇನ್ನೇನು ಹೇಳಿಯಾರು?

ಶೀಳನೆರೆಯಲ್ಲಿ ನನ್ನ ಗಂಡನ ಮನೆ. ಭಾವ, ವಾರಗಿತ್ತಿ, ಅತ್ತೆ ಅಲ್ಲಿದ್ದಾರೆ. ನಾವಿಬ್ಬರು ಪೇಟೆಯಲ್ಲಿದ್ದು ಭಾನುವಾರ ಹೋಗಿಬರುತ್ತೇವೆ. ಅತ್ತೆಗೆ ಎಪ್ಪತ್ತರ ಮೇಲೆ ಎರಡೋ ಮೂರೋ. ಮಾತು ಕಡಿಮೆ, ಕೆಲಸ ಜಾಸ್ತಿ. ಗದ್ದೆ, ಟ್ರಾಕ್ಟರು, ಅಡುಗೆಮನೆ ಎಲ್ಲವನ್ನೂ ಮಗ ಸೊಸೆಗೆ ಬಿಟ್ಟುಕೊಟ್ಟಿದ್ದ ಅತ್ತೆ ಒಂದನ್ನು ಮಾತ್ರ ಬಿಟ್ಟಿರಲಿಲ್ಲ, ಅವರ ಸೀಮೆಹಸು. ಎರಡು ಹೊತ್ತೂ ಅವರೇ ಕರೆಯಬೇಕು, ಅವರೇ ಕ್ಯಾನು ಹಿಡಿದು ಡೈರಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಬೋರು ನಿಂತಿತು, ಎಲ್ಲ ಸುದ್ದಿಯೂ ಅಲ್ಲಿಂದಲೇ ಮನೆಗೆ ಬರುತ್ತಿತ್ತು. ಇನ್ನು ಸಾಕು ಅತ್ತೆ, ಕೂತು ತಿನ್ನಿ ಎಂದು ನಾನೊಮ್ಮೆ ದೊಡ್ಡದಾಗಿ ಬುದ್ಧಿ ಹೇಳಿದ್ದೆ.

"ಹಸ ಇರಗಂಟ ನಾನೂವೆ ಈ ಮನೇಲಿ ಒಂದು ಆಳು ಕಣವ್ವ. ಅದು ಓದ್ರೆ ನಾನು ಉಣ್ಣೋಕೆ ಮಾತ್ರ ಇರೋಳು," ಅಂದಿದ್ದರು.

ಹೋದ ವರ್ಷ ಒಂದು ಸಂಜೆ ಆ ಮಾತಿಗೇ ಸಂಚಕಾರ ಬಂತು. ಹಾಲು ಕರೆದು ಬಕೆಟ್ಟು ಹಿಡಿದು ಕೊಟ್ಟಿಗೆಯಿಂದ ಹೊರಗೆ ಬರುತ್ತಿದ್ದಾಗ ಬಕೆಟ್ಟು ಕೈಜಾರಿ ಬಿತ್ತು. ಚೆಲ್ಲಿದ ಹಾಲಿನ ಮೇಲೇ ಅತ್ತೆಯೂ ಜಾರಿ ಕುಸಿದು ಕೂತರು. ಅದೇ ಹೊತ್ತಿಗೆ ವಾರಗಿತ್ತಿಯ ತೌರಿನವರು ಬಂದು ಹಿತ್ತಿಲಲ್ಲಿ ನಿಂತಿದ್ದರಂತೆ. ಮಂಡಿ ತರಚಿತ್ತು, ಮತ್ತೇನಿಲ್ಲ. ಆದರೆ ಭಾವ ಹೆದರಿಬಿಟ್ಟರು. ಮಾರನೆಯ ಬೆಳಿಗ್ಗೆ ವಾರಗಿತ್ತಿ ಕರೆಯಲು ಕೂತರೆ ಹಸು ಜಾಡಿಸಿ ಒದೆಯಿತು. ಪಕ್ಕದ ಮನೆಯವರು ಬಂದರು, ಅವರಿಗೂ ಒದೆಯಿತು. ಕೊನೆಗೆ ಅತ್ತೆಯೇ ಕುಂಟಿಕೊಂಡು ಹೋಗಿ ಬಾಗಿಲು ಹಾಕಿಕೊಂಡು ಕರೆದರು. ಅತ್ತೆಯಿಂದ ಇನ್ನು ಆಗುವುದಿಲ್ಲ, ಬೇರೆಯವರಿಗೆ ಅದು ಬಗ್ಗುವುದಿಲ್ಲ, ಮಾರುವುದೇ ಸರಿ ಎಂದು ಭಾವನ ಲೆಕ್ಕ. ಅವ್ವ ಒಪ್ಪುತ್ತಿಲ್ಲ, ನೀನು ನಿನ್ನ ಮಿಷಿನ್ನು ಇಟ್ಟು ನೋಡಿ ಹೇಳಿಬಿಡು, ನಿನ್ನ ಮಾತಾದರೆ ಕೇಳುತ್ತಾಳೆ ಎಂದು ಫೋನು ಮಾಡಿದರು. ನನ್ನ ವಿದ್ಯೆಗೆ ಮನೆಯಲ್ಲಿ ಬೆಲೆ ಬಂತೆಂದು ಹಿಗ್ಗಿ ಭಾನುವಾರ ಚೀಲ ಹಿಡಿದು ಹೊರಟೆ.

ಜಗಲಿಯ ಮೇಲೆ ಪರೀಕ್ಷೆ. ಅಕ್ಕಪಕ್ಕದವರೂ ಬಂದು ಕೂತರು. ಯಾವ ಕೈಲಿ ಉಣ್ಣುತ್ತೀರಿ ಎಂದು ಶಾಸ್ತ್ರಕ್ಕೆ ಕೇಳಿದೆ. ಅತ್ತೆ ನೆಲ ನೋಡುತ್ತ ಬಲಗೈ ಅಂದರು. ಬಲಗೈ ಎಂದು ಬರೆದುಕೊಂಡೆ. ಮೊದಲು ಬಲಗೈಗೆ ಮೀಟರು ಕೊಟ್ಟೆ. ಮೂರು ಸಲವೂ ಮುಳ್ಳು ಕೆಳಗೇ ಉಳಿಯಿತು. ಎಡಗೈಗೆ ಕೊಟ್ಟೆ. ಎದ್ದು ಕಾಣುವಷ್ಟು ಮೇಲೆ ಹೋಯಿತು. ಹಲಗೆಯಲ್ಲೂ ಅದೇ ಕಥೆ, ಬಲಗೈ ತಡವರಿಸಿತು, ಎಡಗೈ ಸರಾಗ.

ಬಲಗೈಯವರ ಬಲಗೈ ಇಷ್ಟು ಹಿಂದೆ ಬಿದ್ದಿದೆಯೆಂದರೆ ನರ ಹಿಡಿದಿರಬೇಕು, ಇಲ್ಲವೆ ಯಾರಿಗೂ ತಿಳಿಯದ ಹಾಗೆ ಸಣ್ಣದಾಗಿ ಲಕ್ವ ಬಂದುಹೋಗಿರಬೇಕು. ಕತ್ತು ತಿರುಗಿಸಿದೆ, ಬೆರಳು ಚಿವುಟಿದೆ, ನಗಿಸಿ ತುಟಿ ನೋಡಿದೆ. ಒಂದರಲ್ಲೂ ತೊಂದರೆ ಕಾಣಲಿಲ್ಲ. ಅಲ್ಲಿಗೆ ನಿಂತು ಒಂದು ಗಳಿಗೆ ಯೋಚಿಸಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಬದಲಿಗೆ ಗಂಭೀರವಾಗಿ, ಬಲಗೈ ಸೋತಿದೆ, ದೊಡ್ಡಾಸ್ಪತ್ರೆಗೆ ತೋರಿಸೋಣ, ಇನ್ನು ಹಾಲು ಕರೆಯುವುದು ಬೇಡ ಎಂದು ಎಲ್ಲರೆದುರು ತೀರ್ಪು ಕೊಟ್ಟೆ. ಭಾವ ನಿಟ್ಟುಸಿರು ಬಿಟ್ಟರು. ಗಿರಾಕಿ ಸಿಗುವವರೆಗೆ ಮಾತ್ರ ಅವ್ವ ಕರೆಯಲಿ ಎಂದಾಯಿತು. ಅತ್ತೆ ಎರಡು ಕೈಯನ್ನೂ ಸೆರಗಿನೊಳಗೆ ಎಳೆದುಕೊಂಡರು.

"ಮಿಷಿನ್ನು ಅಂಗೆ ಏಳುದ್ರೆ ಅಂಗೇ ಆಗ್ಲಿ ಬುಡು," ಅಂದರು. ಸಿಟ್ಟು ಮಾಡಿದ್ದರೆ ಸಹಿಸಬಹುದಿತ್ತು.

ಮುಂದಿನ ಭಾನುವಾರ ಮಧ್ಯಾಹ್ನದ ಮೇಲೆ ನಾಗಮಂಗಲದ ಕಡೆಯಿಂದ ಒಬ್ಬರು ಹಸು ನೋಡಲು ಬಂದರು. ಆಗಲೇ ಮನೆಯಲ್ಲಿ ಹತ್ತು ಹಸು ಕಟ್ಟಿದ್ದವರು, ತಿಳಿದವರು. ಕರೆಯುವ ಹಸು ಕೊಳ್ಳುವಾಗ ಹಾಲನ್ನು ಎದುರಿಗೇ ಕರೆದು ನೋಡುವುದು ನಮ್ಮ ಕಡೆಯ ಪದ್ಧತಿ. ಅವರೇ ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತರು. ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಬಕೆಟ್ಟು ಗೋಡೆಗೆ ಹೋಗಿ ಬಡಿಯಿತು. ಇದು ಒದೆಯುವ ಹಸು ಅಂದರು. ನಮ್ಮವ್ವನಿಗೆ ಒದೆಯುವುದಿಲ್ಲ ಎಂದು ಭಾವ ತಡವರಿಸಿದರು. ಹಾಗಾದರೆ ಅವ್ವನೇ ಕರೆಯಲಿ, ನೋಡಿಬಿಡೋಣ ಎಂದಾಯಿತು.

ಅತ್ತೆ ಕೊಟ್ಟಿಗೆಯೊಳಗೆ ಹೋಗಿ ಅಭ್ಯಾಸದಂತೆ ಬಾಗಿಲು ಎಳೆದುಕೊಳ್ಳಲು ಹೊರಟರು. ಹಾಲಿಗೆ ದೃಷ್ಟಿ ತಾಗುತ್ತದೆಂದು ಅವರು ಯಾವಾಗಲೂ ಬಾಗಿಲು ಹಾಕಿಕೊಂಡೇ ಕರೆಯುವುದು ಅಂತ ನಾವೆಲ್ಲ ತಿಳಿದಿದ್ದೆವು. ಬಂದವರು ಬಾಗಿಲಿಗೆ ಮೆಲ್ಲಗೆ ಕೈ ಅಡ್ಡ ಇಟ್ಟು, ಕಣ್ಣಾರೆ ನೋಡದೆ ಹಸು ಹಿಡಿಯುವುದು ಹೇಗವ್ವ ಅಂದರು. ಅತ್ತೆ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. ಬಾಗಿಲು ಬಿಟ್ಟು ಒಳಗೆ ನಡೆದರು.

ಬೇರೆಯವರೆಲ್ಲ ಕೂರುವ ಮಗ್ಗುಲಿಗೆ ಅವರು ಕೂರಲೇ ಇಲ್ಲ. ಹಸುವನ್ನು ಸುತ್ತಿ ಆಚೆ ಮಗ್ಗುಲಿಗೆ ಹೋದರು. ಎಡಗೈಯಲ್ಲಿ ಕರುವಿನ ಹಗ್ಗದ ಗಂಟನ್ನು ಒಂದೇ ಎಳೆತಕ್ಕೆ ಬಿಚ್ಚಿದರು. ಕರು ನಾಲ್ಕು ಗುಟುಕು ಕುಡಿದ ಮೇಲೆ ಎಡಗೈಯಲ್ಲೇ ಅದನ್ನು ಎಳೆದು ಗೂಟಕ್ಕೆ ಕಟ್ಟಿದರು. ಗಂಟು ಹಾಕಿದ ಬೆರಳು ನನಗೆ ಕಾಣಲೇ ಇಲ್ಲ, ಗಂಟು ಮಾತ್ರ ಕಂಡಿತು. ಕೆಚ್ಚಲು ತೊಳೆದು, ಬಕೆಟ್ಟನ್ನು ಮಂಡಿಯ ನಡುವೆ ಇಟ್ಟುಕೊಂಡು, ಎಡಗೈಯಿಂದ ಶುರು ಮಾಡಿದರು. ಬಲಗೈ ಅದರ ಹಿಂದೆ ಹೋಯಿತು. ಎಡಗೈ ಮುಂದು, ಬಲಗೈ ಹಿಂದು, ತಾಳ ಒಂದು ಸಲವೂ ತಪ್ಪಲಿಲ್ಲ. ಬಕೆಟ್ಟಿನ ತಳಕ್ಕೆ ಬೀಳುತ್ತಿದ್ದ ಹಾಲಿನ ಸದ್ದು ಮೆತ್ತಗಾಗುತ್ತ ಬಂತು, ನೊರೆ ಏರಿತು. ಮೂವರನ್ನು ಒದ್ದ ಹಸು ಹುಲ್ಲು ಮೆಲ್ಲುತ್ತ ನಿಂತಿತ್ತು. ಅದಕ್ಕೆ ಗೊತ್ತಿದ್ದದ್ದು ಆ ಮಗ್ಗುಲು, ಆ ಕೈ.

ನನ್ನ ಮೈ ಜುಮ್ಮೆಂದಿತು. ನಾಲ್ಕು ತಾಲ್ಲೂಕಿನ ಕೈ ನೋಡಿದ್ದೆ, ಇಂಥ ಕೈ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅದು ನನ್ನ ಮನೆಯಲ್ಲೇ ಇತ್ತು. ಒಲೆ ಹಚ್ಚುವಾಗ ಅವರು ನಮಗೆ ಬೆನ್ನು ತಿರುಗಿಸಿ ಕಡ್ಡಿ ಗೀರುತ್ತಿದ್ದದ್ದು, ಗೋಡೆಗೆ ಮುಖ ಮಾಡಿ ಸೊಪ್ಪು ಹೆಚ್ಚುತ್ತಿದ್ದದ್ದು, ನಾಟಿಯ ದಿನ ಹೆಣ್ಣಾಳುಗಳ ಸಾಲಿನ ತುದಿಗೇ ಹೋಗಿ ನಿಲ್ಲುತ್ತಿದ್ದದ್ದು ಒಂದೊಂದಾಗಿ ಕಣ್ಣ ಮುಂದೆ ಬಂತು. ಅದನ್ನೆಲ್ಲ ನಾನು ನಾಚಿಕೆ ಅಂದುಕೊಂಡಿದ್ದೆ. ಎಡಗೈಯಲ್ಲಿ ನೆಡುವವರು ನಡುವೆ ನಿಂತರೆ ಪಕ್ಕದವರ ಮೊಣಕೈಗೆ ತಾಗುತ್ತದೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕಂಡಿರಲಿಲ್ಲ.

ಕರೆದು ಮುಗಿಸಿ ಅತ್ತೆ ತುಂಬಿದ ಬಕೆಟ್ಟನ್ನು ಎಡಗೈಯಲ್ಲಿ ಎತ್ತಿಕೊಂಡು ಎದ್ದರು. ಒಂದು ತೊಟ್ಟೂ ಕದಲಲಿಲ್ಲ. ಬಾಗಿಲ ಹತ್ತಿರ ಬಂದು ನಮ್ಮನ್ನೆಲ್ಲ ನೋಡಿದವರೇ ಬಕೆಟ್ಟನ್ನು ಬಲಗೈಗೆ ದಾಟಿಸಲು ಹೋದರು. ಹಿಡಿ ನಡುಗಿತು, ಹಾಲು ಅಂಚಿನಿಂದ ಚೆಲ್ಲಿತು. ನೆಂಟರು ಬಂದ ಸಂಜೆ ಬಕೆಟ್ಟು ಬಿದ್ದದ್ದು ಹೇಗೆಂದು ಆಗ ನನಗೆ ತಿಳಿಯಿತು.

"ಅತ್ತೆ, ಕೈ ಬದಲಾಯಿಸಬೇಡಿ," ಅಂದೆ.

ಅತ್ತೆ ನಿಂತುಬಿಟ್ಟರು. ಬಕೆಟ್ಟನ್ನು ಮೆಲ್ಲಗೆ ನೆಲಕ್ಕಿಟ್ಟರು. ಬಂದವರು ದೊಡ್ಡವರು. ಏನೋ ಮನೆಯ ಮಾತು ಎಂದು ತಿಳಿದು ಜಗಲಿ ಮೇಲಿರುತ್ತೇನೆಂದು ಹೇಳಿ ಅತ್ತ ಹೋದರು.

ಅಳುವ ಹಾಗಾಗಿತ್ತು ನನಗೆ. ಭಾವನಿಗೆ ಹೇಳಿದೆ, ಮಿಷಿನ್ನು ಸುಳ್ಳು ಹೇಳಲಿಲ್ಲ, ಓದಿದ ನಾನು ದಡ್ಡಿ. ಅತ್ತೆಯದು ಎಡಗೈ. ಅದು ಈ ವಯಸ್ಸಿಗೆ ಗಟ್ಟಿಯಾಗಿಯೇ ಇದೆ. ಬಲಗೈ ಸೋತದ್ದಲ್ಲ, ಅದು ಅವರ ಎರಡನೆಯ ಕೈ, ಎರಡನೆಯ ಕೈ ಇರಬೇಕಾದ ಹಾಗೇ ಇದೆ. ಭಾವ ಅವ್ವನ ಕೈಗಳನ್ನು ಮೊದಲ ಸಲ ನೋಡುವವರಂತೆ ನೋಡಿದರು.

ಯಾಕೆ ಹೇಳಲಿಲ್ಲ ಅತ್ತೆ ಎಂದು ಕೇಳಿದೆ. ಅತ್ತೆ ಬಾಗಿಲ ಕಂಬಕ್ಕೆ ಒರಗಿಕೊಂಡು ಹೇಳಿದರು. ಮದುವೆಯಾಗಿ ಬಂದ ಹೊಸದರಲ್ಲಿ, ತಿಳಿಯದೆ, ತಮ್ಮ ಮಾವನವರ ತಟ್ಟೆಗೆ ಎಡಗೈಯಲ್ಲಿ ಮುದ್ದೆ ಇಟ್ಟುಬಿಟ್ಟರಂತೆ. ಅವರು ತಟ್ಟೆ ತಳ್ಳಿ ಎದ್ದುಹೋದರಂತೆ. ಅವತ್ತಿನಿಂದ ಅವರ ಅತ್ತೆ ಈ ಕೈಯನ್ನು ಸೆರಗಿನಿಂದ ಸೊಂಟಕ್ಕೆ ಬಿಗಿದು ಮನೆಗೆಲಸ ಮಾಡಿಸಿದರಂತೆ, ಒಂದು ಸುಗ್ಗಿ ಮುಗಿಯುವವರೆಗೆ. ಬಡಿಸಲು, ಉಣ್ಣಲು, ಕುಂಕುಮ ಕೊಡಲು ಬಲಗೈ ಕಲಿತೇಬಿಟ್ಟಿತು. ಮಿಕ್ಕ ಕೆಲಸಕ್ಕೆ ಕಲಿಯಲೇ ಇಲ್ಲ. ಇದನ್ನೆಲ್ಲ ಅತ್ತೆ ಬೇರೆ ಯಾರದೋ ಸಂಗತಿ ಹೇಳುವವರ ಹಾಗೆ ಹೇಳಿದರು. ಹಸುವಿನ ಹತ್ತಿರ ಮಾತ್ರ ಯಾರೂ ಅಡ್ಡಿ ಮಾಡುತ್ತಿರಲಿಲ್ಲವಂತೆ.

ನನ್ನ ಮಾವ ತೀರಿಕೊಂಡು ಹತ್ತು ವರ್ಷವಾಗಿತ್ತು. ಮಾವನಿಗಾದರೂ ಗೊತ್ತಿತ್ತಾ ಎಂದು ಕೇಳಿದೆ.

"ಗೊತ್ತಿತ್ತು. ಒಂದು ದಿನಾನೂ ಬಾಯ್ಬುಟ್ಟು ಕೇಳ್ನಿಲ್ಲ. ಆದ್ರೆ ಈ ಬೀದೀಲಿ ಯಾರ ಕೊಟ್ಗೆಗಾದ್ರೂ ಬಾಗ್ಲು ಅದೆಯೇನವ್ವ? ನಮ್ಮತ್ತೆ ಕಣ್ಗೆ ಬೀಳ್ದಂಗೆ ಕರ್ಕೊಳ್ಲಿ ಅಂತ ಅವರೇ ಇಕ್ಸುದ್ರು."

ಮೂರು ಜನ ನಿಂತ ಆ ಪುಟ್ಟ ಕೊಟ್ಟಿಗೆ ನನಗೆ ಗುಡಿಯ ಹಾಗೆ ಕಂಡಿತು. ಚಪ್ಪಲಿ ಹಾಕಿಕೊಂಡು ನಿಂತಿದ್ದೆನಲ್ಲ ಎಂದು ಕಾಲು ಹಿಂದಕ್ಕೆ ಸರಿಸಿದೆ. ಭಾವ ಬಾಗಿಲ ಹಲಗೆಯನ್ನು ಸವರುತ್ತ ನಿಂತಿದ್ದರು.

ಡೈರಿಗೆ ಹೊತ್ತಾಗುತ್ತಿತ್ತು. ಅತ್ತೆ ಬಗ್ಗಿ ಬಕೆಟ್ಟಿನ ಹಿಡಿಗೆ ಎಡಗೈ ಹಾಕಿದರು. ಎತ್ತಿ, ಒಂದು ಕ್ಷಣ ಅನುಮಾನಿಸಿ, ಅದನ್ನು ಹಾಗೆಯೇ ಮಗನ ಮುಂದೆ ಚಾಚಿದರು. ನಮ್ಮಲ್ಲಿ ಎಡಗೈಯಲ್ಲಿ ಕೊಟ್ಟರೆ ಒಂದು ಹರಳು ಉಪ್ಪನ್ನೂ ಮುಟ್ಟುವುದಿಲ್ಲ. ನಾನು ಭಾವನನ್ನೇ ನೋಡಿದೆ. ಅವರು ಎರಡೂ ಕೈಯೊಡ್ಡಿ ಇಸಿದುಕೊಂಡರು.

ಜಗಲಿಯಲ್ಲಿ ಕೂತಿದ್ದ ಗಿರಾಕಿ ಏನಾಯಿತೆಂದು ಕೂಗಿ ಕೇಳಿದರು. ಭಾವ ಬಕೆಟ್ಟು ಹಿಡಿದುಕೊಂಡೇ ಹಿತ್ತಿಲ ಬಾಗಿಲಿಗೆ ಹೋದರು.

"ಹಸ ಕೊಡಲ್ಲ ಕಣಣ್ಣ. ನಮ್ಮವ್ವ ಕರೀತಾಳೆ," ಅಂದರು.